ಎಡಕ್ಕೆ ಎಳೆಯುವ ಪಟ್ಟಿ

ಅಲಖನೂರ
18 ಸೆಪ್ಟೆಂಬರ್ 2023

ಸೊಸೆ ಮಾಯಾಳಿಗೆ ಮಾವ ಸಿದರಾಯನ ಆಶೀರ್ವಾದ.

ನೀನು ಸೀಮಂತದ ಕುಬಸ ಮಾಡಿಸಿಕೊಂಡು ತವರಿಗೆ ಹೋದ ಮೇಲೆ ಮನೆ ಬಿಕೋ ಎನ್ನುತ್ತಿದೆ ಎಂದು ಬರೆಯಲು ನಿನ್ನ ಅತ್ತೆ ಭೀಮಾಬಾಯಿ ಹೇಳಿದಳು, ಬರೆದೆ. ಮನೆಯ ಸಂಗತಿ ಅವಳಿಗೆ ಗೊತ್ತು. ನನಗೆ ಬಿಕೋ ಎನ್ನಿಸುವುದು ಶೆಡ್ಡು. ಮಶೀನಿನ ಮುಂದೆ ನಿಂತು ಮರ ತಳ್ಳಲು ನಾನಿದ್ದೇನೆ, ಹಿಂದೆ ನಿಂತು ಹಿಡಿಯುವವರು ಯಾರು? ನಿನ್ನ ಗಂಡ ದುಂಡೇಶನಿಗೆ ಕಬ್ಬಿನ ಟ್ರ್ಯಾಕ್ಟರ್ ಬಿಟ್ಟು ಬೇರೆ ಲೋಕವಿಲ್ಲ. ನಿನ್ನ ಅತ್ತೆ ಬಂದು ನಿಲ್ಲುತ್ತಾಳೆ, ಆದರೆ ಮುಖ ಆ ಕಡೆ ತಿರುಗಿಸಿಕೊಂಡು. "ಆ ಹಲ್ಲಿನ ಪಟ್ಟಿ ಓಡೂದು ನೋಡಿದ್ರ ನನಗ ಚಕ್ಕರ್ ಬರ್ತೈತಿ" ಎಂದು ಕಿವಿಯ ಹತ್ತಿರ ಬಂದು ಕೂಗುತ್ತಾಳೆ.

ಪತ್ರ ಯಾಕೆ ಎಂದು ನಿಮ್ಮ ಮನೆಯವರು ನಕ್ಕರೆ ನಗಲಿ. ದುಂಡೇಶ ಫೋನು ತಂದು ಕಿವಿಗೆ ಹಿಡಿದರೆ ನನಗೆ ಮಶೀನಿನ ಗುಂಯ್ ಎನ್ನುವ ಸದ್ದೊಂದೇ ಕೇಳುವುದು. ಇಷ್ಟು ವರ್ಷ ಈ ಬ್ಯಾಂಡ್‌ಸಾ ಗರಗಸದ ಮುಂದೆ ನಿಂತು ಕಿವಿ ಅದಕ್ಕೇ ಕೊಟ್ಟಾಗಿದೆ. ಏಳನೇ ಇಯತ್ತೆ ಕಲಿತವನ ಅಕ್ಷರ, ಹೇಗೋ ಓದಿಕೊ.

ಕಬ್ಬಿನ ಸುಗ್ಗಿ ಹತ್ತಿರ ಬಂತು. ಗಾಡಿಯವರು ನೊಗ ಕೇಳಿಕೊಂಡು ಬರುತ್ತಿದ್ದಾರೆ. ಮೊನ್ನೆ ದಿಗ್ಗೇವಾಡಿಗೆ ಹೋಗಿ ಗಾಡಿಯ ಗುರಪ್ಪನ ಎತ್ತುಗಳ ಕುತ್ತಿಗೆ ಮುಟ್ಟಿ ನೋಡಿ ಬಂದೆ. ಅವನು ಹಗ್ಗ ಹಿಡಿದು ಅಳತೆ ಬೇಡವೇ ಎಂದು ಕೇಳಿದ. ಅಂಗೈ ಇಟ್ಟರೆ ಸಾಕು ಎಂದೆ. ನಮ್ಮದು ಕುರಿ ದನ ಕಾಯುವ ಮನೆತನ, ದನದ ಕುತ್ತಿಗೆ ನನ್ನ ಅಂಗೈಗೆ ಗೊತ್ತು. ಮನೆಗೆ ಬಂದು ಜಾಲಿಯ ತುಂಡಿನ ಮೇಲೆ ಸೀಮೆಸುಣ್ಣದಿಂದ ಎತ್ತಿನ ಕುತ್ತಿಗೆ ಕೂಡುವ ಎರಡು ಬಾಗು ಎಳೆದೆ. ಯಾವಾಗಲೂ ಎಳೆಯುವ ಹಾಗೆ.

ಕೊಯ್ಯುವಾಗ ಮಾತ್ರ ತಲೆ ಕೆಟ್ಟಿತು. ಮಶೀನಿಗೆ ಹಾಕಿದ ಹೊಸ ಪಟ್ಟಿ ಎಡಕ್ಕೆ ಎಳೆಯುತ್ತಿದೆ. ಗೆರೆಯ ಮೇಲೆ ಇಟ್ಟರೆ ಗೆರೆ ಬಿಟ್ಟು ಹೋಗುತ್ತದೆ. ಹಟಮಾರಿ ಹೋರಿಯ ಹಾಗೆ ತನ್ನ ದಾರಿ ತನಗೆ. ಈ ವಾರ ಮಶೀನು ನಡೆಸುವ ತ್ರೀಫೇಸ್ ಕರೆಂಟು ಮುಂಜಾನೆಯಿಂದ ಮಧ್ಯಾಹ್ನದ ತನಕ ಮಾತ್ರ. ಮಧ್ಯಾಹ್ನಕ್ಕೆ ಅದು ಹೋಗುವುದು ಗ್ಯಾರಂಟಿ, ಬರುವುದಕ್ಕೆ ಗ್ಯಾರಂಟಿ ಇಲ್ಲ. ಆ ಅರೆಹೊತ್ತಿನಲ್ಲಿ ಈ ಪಟ್ಟಿಯ ಜೊತೆ ಗುದ್ದಾಡಿ ಸಾಕಾಗಿ ಹೋಗಿದೆ.

ಚೆನ್ನಾಗಿ ತಿನ್ನು. ಭಾರ ಎತ್ತಬೇಡ.

ನಿನ್ನ ಮಾವ,
ಸಿದರಾಯ


ನಿಪ್ಪಾಣಿ
3 ಅಕ್ಟೋಬರ್ 2023

ಮಾವನವರ ಪಾದಗಳಿಗೆ ಮಾಯಾಳ ನಮಸ್ಕಾರ.

ನಿಮ್ಮ ಪತ್ರ ಬಂದ ದಿನ ನಮ್ಮ ಓಣಿಗೆಲ್ಲ ಸುದ್ದಿಯಾಯಿತು. ಪೋಸ್ಟಿನವನು ಬ್ಯಾಂಕಿನ ನೋಟೀಸು ಬಿಟ್ಟು ಬೇರೆ ಕಾಗದ ತರುವುದು ಈಚೆಗೆ ಯಾರೂ ಕಂಡಿಲ್ಲ. ಅವ್ವ ಗಾಬರಿಯಾಗಿ "ಏನಾಗೈತಿ ಬೇ ಅಲ್ಲಿ?" ಎಂದಳು. "ಪಟ್ಟಿ ಎಡಕ್ಕ ಎಳ್ಯಾಕತ್ತೈತೆಂತ" ಎಂದೆ. ಆಕೆಗೆ ಏನೂ ತಿಳಿಯಲಿಲ್ಲ, ಆದರೂ ಅಯ್ಯೋ ಪಾಪ ಎಂದಳು.

ನನಗೆ ಇಲ್ಲಿ ಕೂತು ಕೂತು ಬೇಸರ ಬಂದಿದೆ. ಕಾಲು ಬಾತಿವೆ. ಮಲಗಿದರೂ ದಣಿವು, ಎದ್ದರೂ ದಣಿವು. ಕೈಗೆ ಕೆಲಸವಿಲ್ಲದೆ ಹೀಗೆ ದಣಿಯಬಹುದು ಎಂದು ನನಗೆ ಗೊತ್ತಿರಲಿಲ್ಲ.

ಪಟ್ಟಿಯ ವಿಷಯ. ನೀವೇ ಕಲಿಸಿದ್ದನ್ನು ನಿಮಗೇ ಹೇಳುತ್ತಿದ್ದೇನೆ, ಬೈಯಬೇಡಿ. ಒಂದು ಕಡೆಯ ಹಲ್ಲು ಮೊಂಡಾಗಿದ್ದರೆ ಪಟ್ಟಿ ಹರಿತ ಇರುವ ಕಡೆಗೆ ಎಳೆಯುತ್ತದೆ. ಹಲ್ಲು ನೋಡಿದಿರಾ? ಪಟ್ಟಿ ಸುತ್ತುವ ಮೇಲಿನ ಗಾಲಿಯ ರಬ್ಬರಿಗೆ ಹೊಟ್ಟು ಮೆತ್ತಿಕೊಂಡಿದೆಯಾ? ಬಿಗಿ ಸಾಕಷ್ಟು ಇದೆಯಾ? ಪಟ್ಟಿಯನ್ನು ಹಿಡಿದಿಡುವ ಹಿಂದಿನ ಗೈಡು ಸವೆದಿರಬಹುದು. ಎಲ್ಲ ಸರಿ ಇದ್ದೂ ಎಳೆದರೆ, ಪಟ್ಟಿಯ ಸ್ವಭಾವ ಅಷ್ಟು ಎಂದು ತಿಳಿದು, ಮರವನ್ನೇ ಅಷ್ಟು ಓರೆ ಹಿಡಿದು ತಳ್ಳಬೇಕು ಎಂದು ನೀವೇ ಅಂದಿದ್ದಿರಿ. ಮೇಜಿನ ಮೇಲಿನ ಅಡ್ಡಪಟ್ಟಿಗೆ ಮರ ಒರಗಿಸಿ ಸೀದಾ ಕೊಯ್ಯುವವನಿಗೆ ಇದು ಬೇಕಿಲ್ಲ, ಬರಿಗೈಯಲ್ಲಿ ಕೊಯ್ಯುವವನು ಪಟ್ಟಿಯ ಗುಣ ನೋಡಿ ನಡೆಯಬೇಕು ಎಂದು.

ನನ್ನನ್ನು ಮೊದಲ ಸಲ ಮಶೀನಿನ ಮುಂದೆ ನಿಲ್ಲಿಸಿದ ದಿನ ನೆನಪಿದೆಯಾ? ಮೇಜು ನನಗೆ ಎತ್ತರವಾಯಿತೆಂದು ಕಾಲ ಕೆಳಗೆ ಇಟ್ಟಂಗಿ ಇಟ್ಟಿರಿ. ಅದು ಅಲುಗಾಡುತ್ತಿತ್ತು, ನನ್ನ ಜೀವವೂ ಅಲುಗಾಡುತ್ತಿತ್ತು. "ಹೊಕ್ಕಳಾ ಪಟ್ಟಿಗೆ ನೆಟ್ಟಗ ಇರ್ಬೇಕು. ಎಲ್ಲಿ ಹೊಕ್ಕಳಾ ತಿರಗತೈತಿ, ಅಲ್ಲಿ ಕಟಗಿ ತಿರಗತೈತಿ" ಎಂದಿರಿ. ಒಳಬಾಗು ಕೊಯ್ಯುವ ಮೊದಲು ಅಂಚಿನಿಂದ ಗೆರೆಯ ತನಕ ಸಣ್ಣ ಸಣ್ಣ ಕಚ್ಚು ಹಾಕಿಕೊಂಡರೆ ಪಟ್ಟಿ ಸಿಕ್ಕಿಕೊಳ್ಳುವುದಿಲ್ಲ ಎಂದಿರಿ. ಇನ್ನೊಂದು ಮಾತನ್ನು ನನ್ನ ಕಿವಿ ಹಿಡಿದು ಹೇಳಿದ್ದಿರಿ. "ಕಾಣದಂಗಾದ್ರ ಕೈ ಎತ್ತಬ್ಯಾಡ. ಒತ್ತಿ ಹಿಡದು ನಿಂದರು. ಅಲಗ್ಯಾಡದ ಕೈಗೆ ಪಟ್ಟಿ ಹತ್ತೂದಿಲ್ಲ." ಅದನ್ನು ನಾನು ಈಗಲೂ ನಿದ್ದೆಯಲ್ಲಿ ಹೇಳುತ್ತೇನಂತೆ.

ಅತ್ತೆಯವರಿಗೆ ನಮಸ್ಕಾರ. ಅವರು ಮುಖ ತಿರುಗಿಸಿಯೇ ನಿಲ್ಲಲಿ, ಆದರೆ ಸೆರಗು ಸಿಕ್ಕಿಸಿಕೊಳ್ಳಲಿ.

ನಿಮ್ಮ ಸೊಸೆ,
ಮಾಯಾ


ಅಲಖನೂರ
29 ಅಕ್ಟೋಬರ್ 2023

ಮಾಯಾ,

ನಿನ್ನ ಪತ್ರದಲ್ಲಿ ಹೇಳಿದ್ದನ್ನೆಲ್ಲ ಮಾಡಿದೆ. ಗಾಲಿಯ ರಬ್ಬರು ಕೆರೆದು ತೊಳೆದೆ. ಗೈಡು ಬದಲಿಸಿದೆ. ಬಿಗಿ ಏರಿಸಿದೆ, ಇಳಿಸಿದೆ. ಆ ಪಟ್ಟಿಯನ್ನೇ ಬಿಚ್ಚಿ ಗೂಟಕ್ಕೆ ನೇತುಹಾಕಿ ಹೊಸದು ತರಿಸಿದೆ, ಅದೂ ಎಡಕ್ಕೆ. ಸಿಟ್ಟು ಬಂದು ಕೊಲ್ಹಾಪುರದಿಂದ ಬೇರೆ ಅಂಗಡಿಯದು ತರಿಸಿದೆ, ಅದೂ ಎಡಕ್ಕೆ. ಎಲ್ಲ ಪಟ್ಟಿಗಳೂ ಕೂಡಿ ಮಾತಾಡಿಕೊಂಡು ಬಂದಿವೆಯೋ ಏನೋ. ಈಗಿನ ಮಾಲೇ ಹೀಗೆ, ಯಾವುದರಲ್ಲೂ ಕಸುವಿಲ್ಲ.

ಗುರಪ್ಪ ನೊಗ ವಾಪಸು ತಂದ. ಇದನ್ನು ಬರೆಯುವ ಮನಸ್ಸಿರಲಿಲ್ಲ, ಆದರೆ ಬೇರೆ ಯಾರಿಗೆ ಹೇಳಲಿ? ಎಡಗಡೆಯ ಬಾಗು ಗೆರೆಗಿಂತ ಕಿರಿದಾಗಿತ್ತು. ನನ್ನ ಕೈಯ ಮೇಲಿನ ನಂಬಿಕೆಯಿಂದ ಅವನು ಹೂಡಿಬಿಟ್ಟಿದ್ದ. ಎತ್ತಿನ ಕುತ್ತಿಗೆ ಉಜ್ಜಿ ಚರ್ಮ ಹೋಗಿದೆ. "ಬಾರೋ ಸಿದರಾಯಣ್ಣ, ನೀನ ನೋಡ" ಎಂದು ಕರೆದುಕೊಂಡು ಹೋಗಿ ತೋರಿಸಿದ. ನಾನು ಅಂಗೈ ಇಟ್ಟೆ. ಎತ್ತು ಹಿಂದೆ ಸರಿಯಿತು. ಹೋದ ತಿಂಗಳು ಅದೇ ಎತ್ತು ನನ್ನ ಕೈಗೆ ಕುತ್ತಿಗೆ ಚಾಚಿ ಕೊಟ್ಟಿತ್ತು.

ಗುರಪ್ಪ ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ. "ಹೋಗ್ಲಿ ಬಿಡಣ್ಣ, ಈ ಸಲ ಕಬ್ಬಣದ ಪೈಪಿಂದು ನೊಗಾ ತರ್ತೀನಿ. ನೀ ಮನಸಿಗೆ ಹಚ್ಕೋಬ್ಯಾಡ" ಎಂದ. ಮನಸ್ಸಿಗೆ ಹಚ್ಚಿಕೊಳ್ಳದೆ ಇನ್ನೆಲ್ಲಿಗೆ ಹಚ್ಚಿಕೊಳ್ಳಲಿ?

ದುಂಡೇಶ ಹೇಳುತ್ತಾನೆ, ನೊಗ ಬಿಟ್ಟುಬಿಡು, ಅಡ್ಡಪಟ್ಟಿ ಕೂಡಿಸಿ ಬಾಗಿಲ ಚೌಕಟ್ಟಿನ ಸೀದಾ ಮರ ಕೊಯ್ದುಕೊಂಡಿರು, ಇಲ್ಲವೇ ಮಶೀನು ಮಾರಿಬಿಡು ಎಂದು. ಅವನ ಟ್ರ್ಯಾಕ್ಟರಿನ ಸ್ಟೇರಿಂಗ್ ತೆಗೆದು ಸೀದಾ ಓಡಿಸು ಎಂದರೆ ಓಡಿಸುತ್ತಾನಾ?

ನಿನ್ನ ಅತ್ತೆಗೆ ಈಗ ನನ್ನನ್ನು ಬೈಯಲು ಹೊಸ ದಾರಿ ಸಿಕ್ಕಿದೆ. ಕಪ್ಪಿನಿಂದ ಬಸಿಗೆ ಚಹಾ ಸುರಿಯುವಾಗ ಬಸಿಯ ಆಚೆ ಸುರಿಯುತ್ತೇನಂತೆ. ಧೋತರದ ಮೇಲೆಲ್ಲ ಚಹಾ. "ಮುದಕ ಆದ್ರಿ, ಬಸಿ ಯಾವುದು ನೆಲಾ ಯಾವುದು ತಿಳ್ಯಾಂಗಿಲ್ಲ ನಿಮಗ" ಎಂದು ನಗುತ್ತಾಳೆ. ಮನೆಯಲ್ಲಿ ಒಬ್ಬರಾದರೂ ನಗಲಿ ಎಂದು ಸುಮ್ಮನಿದ್ದೇನೆ.

ದಣಿದಿದ್ದೇನೆ ಮಗಳೇ. ಮೈ ಅಲ್ಲ.

ಸಿದರಾಯ


ನಿಪ್ಪಾಣಿ
25 ನವೆಂಬರ್ 2023

ಮಾವನವರಿಗೆ ಮಾಯಾಳ ನಮಸ್ಕಾರ.

ನಿಮಗೆ ಮೊಮ್ಮಗಳು ಹುಟ್ಟಿದ್ದು ನಿಮ್ಮ ಮಗ ಬಂದು ಹೇಳಿರುತ್ತಾರೆ. ಕೂಸು ಚೆನ್ನಾಗಿದೆ. ಪಕ್ಕದ ಮನೆಯ ಮರಾಠಿ ಅಜ್ಜಿ ದಿನಾ ಬಂದು "ಬಾಳ ಲಯ್ ಗ್ವಾಡ ಹಾಯ್" ಎಂದು ದೃಷ್ಟಿ ತೆಗೆದು ಹೋಗುತ್ತಾರೆ. ಕೂಸು ಬಲು ಸಿಹಿಯಂತೆ. ಆ ಸಿಹಿಯೆಲ್ಲ ಹಗಲು. ಇರುಳು ಅದು ಅಳುತ್ತದೆ, ಅದರ ಜೊತೆ ನಾನೂ ಅತ್ತುಬಿಡುತ್ತೇನೆ. ದೊಡ್ಡ ಪತ್ರ ಬರೆಯಲು ಆಗುವುದಿಲ್ಲ.

ಎರಡು ಮಾತು ಕೇಳಬೇಕಾಗಿದೆ. ಸಿಟ್ಟಾಗದೆ ಉತ್ತರ ಬರೆಯಿರಿ.

ನಿಮ್ಮ ಮಗ ಇಲ್ಲಿಗೆ ಬಂದಾಗ, "ಅಪ್ಪ ಇತ್ತೀಚಿಗೆ ಬಾಗಲಕ್ಕ ಹೆಗಲಾ ಬಡಕೊಂಡು ಅಡ್ಡಾಡಾಕತ್ತಾನ" ಎಂದು ನಗುತ್ತ ಹೇಳಿದರು. ಬಡಿದುಕೊಳ್ಳುವುದು ಯಾವ ಹೆಗಲು?

ಇನ್ನೊಂದು, ಅತ್ತೆಯವರಿಗೆ ಒಂದು ಸಲ ಮುಖ ತಿರುಗಿಸದೆ ನಿಲ್ಲಲು ಹೇಳಿ. ನೀವು ಕೊಯ್ಯುವಾಗ ನಿಮ್ಮ ಹೊಕ್ಕಳು ಯಾವ ಕಡೆಗಿರುತ್ತದೆ ಎಂದು ಅವರು ನೋಡಿ ಹೇಳಲಿ. ಪಟ್ಟಿ ನೋಡುವುದು ಬೇಡ, ನಿಮ್ಮನ್ನು ನೋಡಲಿ.

ಮಾಯಾ


ಅಲಖನೂರ
6 ಡಿಸೆಂಬರ್ 2023

ಮಾಯಾ, ಮತ್ತು ಹೆಸರಿಲ್ಲದ ಮೊಮ್ಮಗಳೇ,

ಇಬ್ಬರಿಗೂ ಆಶೀರ್ವಾದ. ಊರಿಗೆಲ್ಲ ಪೇಢೆ ಹಂಚಿದೆವು. ಗುರಪ್ಪನ ಮನೆಗೂ ಕಳಿಸಿದೆ, ತೆಗೆದುಕೊಂಡನಂತೆ. ಹೆಸರು ಗಂಗಾ ಎಂದಿಡಿ ಎಂದು ನಿನ್ನ ಅತ್ತೆಯ ಆಸೆ. ನನ್ನ ಅವ್ವನ ಹೆಸರು ಅದು.

ನೀನು ಕೇಳಿದ್ದು ನನಗೆ ಸೋಜಿಗ. ಮಾವನ ಹೆಗಲು ಕಟ್ಟಿಕೊಂಡು ನಿನಗೇನು? ಎಡ ಹೆಗಲು. ಆ ಬಾಗಿಲೇ ಕಿರಿದು, ನಮ್ಮ ಅಪ್ಪ ಕಟ್ಟಿಸಿದ್ದು.

ಹೊಕ್ಕಳಿನ ವಿಷಯ ಕೇಳಿ ನಿನ್ನ ಅತ್ತೆಗೆ ನಾಚಿಕೆ, ನಗು. ಆದರೂ ನಿಂತು ನೋಡಿದಳು. ಮಶೀನು ಬಂದಾದ ಮೇಲೆ ಕಿವಿಯ ಹತ್ತಿರ ಬಂದು ಕೂಗಿದಳು: "ನಿಮ್ಮ ಮಾರಿ ಎಡಕ್ಕ, ಹೆಗಲಾ ಎಡಕ್ಕ, ಹೊಟ್ಟಿ ಎಡಕ್ಕ, ಕಟಗಿ ಅಷ್ಟ ಮುಂದಕ್ಕ! ಯಾರನ್ನರ ಹಣಿಕಿ ನೋಡಾಕತ್ತೀರೇನು?" ನಾನು ಯಾಕೆ ಹಾಗೆ ನಿಲ್ಲಲಿ? ಮೊದಲ ದಿನದಿಂದ ನೆಟ್ಟಗೆ ನಿಂತವನು ನಾನು. ಅವಳಿಗೆ ಏನು ತಿಳಿಯುತ್ತದೆ?

ಇನ್ನೊಂದು ತಮಾಷೆ ನಡೆಯಿತು. ತೊಟ್ಟಿಲಿನ ಕಾಲು ಕೊಯ್ಯುತ್ತಿದ್ದೆ, ಎಡಗೈ ಹೆಬ್ಬೆರಳಿನ ಉಗುರಿನ ತುದಿ ಪಟ್ಟಿಗೆ ಹೋಯಿತು. ಉಗುರಷ್ಟೇ, ರಕ್ತ ಬರಲಿಲ್ಲ. ನನಗೆ ತಿಳಿದದ್ದೇ ಆಮೇಲೆ. ನಗಬೇಡ, ನಿನ್ನ ಅತ್ತೆಗೆ ಹೇಳಬೇಡ.

ಪಟ್ಟಿ ಇನ್ನೂ ಎಡಕ್ಕೇ ಎಳೆಯುತ್ತಿದೆ.

ಸಿದರಾಯ


ನಿಪ್ಪಾಣಿ
14 ಡಿಸೆಂಬರ್ 2023

ಮಾವನವರಿಗೆ,

ನಾನು ನಗಲಿಲ್ಲ. ನಿಮ್ಮ ಪತ್ರವನ್ನು ಕೂಸಿಗೆ ಹಾಲು ಕೊಡುತ್ತಲೇ ಮತ್ತೆ ಮತ್ತೆ ಓದಿದೆ.

ಇದನ್ನು ಹೇಗೆ ಬರೆಯಬೇಕು ಎಂದು ತಿಳಿಯದೆ ಕಾಗದ ಹರಿದು ಹರಿದು ಹಾಕಿದೆ. ಕೊನೆಗೆ ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ. ತಪ್ಪು ಪಟ್ಟಿಯದಲ್ಲ. ಬೇರೆ ಬೇರೆ ಅಂಗಡಿಯ ಪಟ್ಟಿಗಳು ಒಂದೇ ಕಡೆಗೆ ಎಳೆಯುವುದಿಲ್ಲ. ಎಳೆಯುತ್ತಿರುವುದು ನೀವು. ನಿಮ್ಮ ಎಡಗಣ್ಣಿಗೆ ಏನೋ ಆಗಿದೆ. ಎಡಗಡೆ ಕಾಣದ್ದಕ್ಕೆ ಆ ಹೆಗಲು ಬಾಗಿಲಿಗೆ ತಾಗುತ್ತದೆ. ದೂರ ಹತ್ತಿರ ಅಳೆಯಲು ಎರಡು ಕಣ್ಣು ಬೇಕು, ಅದಕ್ಕೇ ಚಹಾ ಬಸಿಯ ಆಚೆ ಹೋಗುತ್ತದೆ. ಗೆರೆ ಬಲಗಣ್ಣಿಗೆ ಸಿಗಲಿ ಎಂದು ನಿಮಗೇ ತಿಳಿಯದಂತೆ ಮುಖ ಎಡಕ್ಕೆ ತಿರುಗಿಸುತ್ತೀರಿ. ಮುಖದ ಹಿಂದೆ ಹೆಗಲು, ಹೆಗಲಿನ ಹಿಂದೆ ಹೊಕ್ಕಳು. ಹೊಕ್ಕಳು ತಿರುಗಿದರೆ ಏನಾಗುತ್ತದೆ ಎಂದು ನೀವೇ ಹೇಳಿದ್ದೀರಿ.

ನಿಮ್ಮ ಎಡಗೈ ಇರುವುದು ಪಟ್ಟಿಗೂ ಮಶೀನಿನ ಕಂಬಕ್ಕೂ ನಡುವಿನ ಇಕ್ಕಟ್ಟಿನಲ್ಲಿ. ಆ ಕೈ ನಿಮಗೆ ಕಾಣುತ್ತಿಲ್ಲ. ಈ ಸಲ ಉಗುರು ಹೋಯಿತು.

ಒಂದೇ ಒಂದು ಕೆಲಸ ಮಾಡಿ. ಮಶೀನು ಬಂದ್ ಮಾಡಿ, ಬಯಲಲ್ಲಿ ನಿಂತು ಬಲಗಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿ. ಎಲ್ಲ ಕಂಡರೆ ನನ್ನದೇ ತಪ್ಪು, ಬಂದು ಕಾಲಿಗೆ ಬೀಳುತ್ತೇನೆ. ಕಾಣದಿದ್ದರೆ ಮಿರಜಿನ ಕಣ್ಣಿನ ದವಾಖಾನೆಗೆ ಹೋಗಿ. ಅಲ್ಲಿಯವರೆಗೆ ಮಶೀನು ಹಚ್ಚಬೇಡಿ. ಕೈ ಮುಗಿಯುತ್ತೇನೆ.

ನಿಮ್ಮ ಮಾಯಾ


ಅಲಖನೂರ
26 ಡಿಸೆಂಬರ್ 2023

ಮಾಯಾಳಿಗೆ,

ಪತ್ರ ಮುಟ್ಟಿತು. ನಾನು ಯಾವ ಕಣ್ಣನ್ನೂ ಮುಚ್ಚಿ ನೋಡುವುದಿಲ್ಲ. ನೀನು ಹುಟ್ಟುವ ಮೊದಲಿನಿಂದ ಈ ಮಶೀನು ನಡೆಸುತ್ತಿದ್ದೇನೆ. ಹಿಂದೆ ನಿಂತು ಕಟ್ಟಿಗೆ ಹಿಡಿದವಳು ನನಗೆ ಕಣ್ಣಿಲ್ಲ ಎಂದು ಬರೆಯುವ ಕಾಲ ಬಂತು.

ಮುಂದೆ ನಿಲ್ಲುವ ಆಸೆ ನಿನಗಿದ್ದರೆ ಸೀದಾ ಹೇಳಬೇಕಿತ್ತು. ನನ್ನನ್ನು ಕುರುಡ ಮಾಡಿ ನಿಲ್ಲುವುದು ಬೇಕಿರಲಿಲ್ಲ.

ಕೂಸಿನ ಆರೋಗ್ಯ ನೋಡಿಕೊ. ಇನ್ನು ಪತ್ರ ಬರೆಯುವ ತಸದಿ ತೆಗೆದುಕೊಳ್ಳಬೇಡ.

ಸಿದರಾಯ


ನಿಪ್ಪಾಣಿ
9 ಫೆಬ್ರುವರಿ 2024

ಮಾವನವರಿಗೆ ಮಾಯಾಳ ನಮಸ್ಕಾರ.

ಬರೆಯಬೇಡ ಎಂದಿರಿ, ಬರೆಯುತ್ತಿದ್ದೇನೆ. ಸಂಕ್ರಾಂತಿ ಮುಗಿದ ಮೇಲೆ ಕೂಸನ್ನು ತೊಟ್ಟಿಲಿಗೆ ಹಾಕಿದೆವು. ಗಂಗಾ ಎಂದೇ ಕರೆದೆವು. ಅತ್ತೆ ಬಂದರು, ನಿಮ್ಮ ಮಗ ಬಂದರು, ನೀವು ಬರಲಿಲ್ಲ. ನಿಮಗೆ ಕೆಲಸ ಐತಿ ಎಂದು ಅತ್ತೆ ಹೇಳಿದರು. ನೀವು ಕಳಿಸಿದ ತೊಟ್ಟಿಲಿಗೆ ಒಂದು ಕಾಲು ಗಿಡ್ಡ. ಅವ್ವ ಅದರ ಕೆಳಗೆ ರಟ್ಟು ಮಡಿಚಿ ಇಟ್ಟಿದ್ದಾಳೆ. ನಾನು ಆ ರಟ್ಟನ್ನು ನೋಡುತ್ತ ಕೂತಿರುತ್ತೇನೆ.

ನಿಮ್ಮ ಮಾತು ನನಗೆ ಹತ್ತಿತು. ಎಷ್ಟೋ ದಿನ ಊಟ ಸೇರಲಿಲ್ಲ. ಆಮೇಲೆ ಯೋಚಿಸಿದೆ, ಅದರಲ್ಲಿ ಸುಳ್ಳೇನಿದೆ? ಹೌದು, ನನಗೆ ಮುಂದೆ ನಿಲ್ಲುವ ಆಸೆ ಇದೆ. ನನ್ನನ್ನು ಮೊದಲ ಸಲ ಇಟ್ಟಂಗಿಯ ಮೇಲೆ ನಿಲ್ಲಿಸಿದ ದಿನದಿಂದ ಇದೆ. ಸೊಸೆಯಾದವಳು ಇದನ್ನು ಬಾಯಿ ಬಿಟ್ಟು ಹೇಳಬಾರದೇನೋ, ಹೇಳಿಬಿಟ್ಟೆ. ಆದರೆ ನಿಮ್ಮ ಕೈ ಹೋದ ಮೇಲೆ ಆ ಜಾಗ ನನಗೆ ಸಿಕ್ಕರೆ ನಾನು ಆ ಶೆಡ್ಡಿಗೆ ಕಾಲಿಡುವುದಿಲ್ಲ.

ನಾನು ಯಾರಿಗೂ ಹೇಳಿಲ್ಲ. ಅತ್ತೆಗೂ ಇಲ್ಲ, ನಿಮ್ಮ ಮಗನಿಗೂ ಇಲ್ಲ. ಹೇಳಿದರೆ ಮರುದಿನವೇ ಮಶೀನಿಗೆ ಗಿರಾಕಿ ಕರೆದುಕೊಂಡು ಬರುತ್ತಾರೆ, ಅದು ನನಗೆ ಗೊತ್ತು. ಹೇಳದೆ ಇದ್ದುದಕ್ಕೆ ನಾಳೆ ಏನಾದರೂ ಆದರೆ ಪಾಪ ನನ್ನದೇ. ಫೋನು ಬಂದಾಗಲೆಲ್ಲ ನಿಮ್ಮ ಕೈಯ ಸುದ್ದಿಯೇ ಎಂದು ಓಡಿ ಎತ್ತುತ್ತೇನೆ. ಇದನ್ನು ಹೊತ್ತು ಹೊತ್ತು ನನಗೆ ಸಾಕಾಗಿದೆ ಮಾವಾರ. ನಿಮ್ಮ ಕಣ್ಣು, ನೀವೇ ನೋಡಿ, ನೀವೇ ಹೇಳಿ.

ಮಾಯಾ


ಅಲಖನೂರ
5 ಮಾರ್ಚ್ 2024

ಮಗಳೇ ಮಾಯಾ,

ಬಲಗಣ್ಣು ಮುಚ್ಚಿ ನೋಡಿದೆ. ನಾನಾಗಿ ನೋಡಿದ್ದಲ್ಲ, ಪ್ರಸಂಗ ಹಾಗೆ ಬಂತು.

ನಿನ್ನ ಅತ್ತೆ ಕುರಿಗಳನ್ನು ಹೊಡೆದುಕೊಂಡು ಹೊಲಕ್ಕೆ ಹೋಗಿದ್ದಳು. ನಾನೊಬ್ಬನೇ ಒಂದು ನೊಗ ಕೊಯ್ಯಲು ನಿಂತಿದ್ದೆ. ಯಾರೂ ಕೇಳಿರಲಿಲ್ಲ ಅದನ್ನು. ಗುರಪ್ಪನ ಎತ್ತಿಗೇ ಇನ್ನೊಂದು ಮಾಡಿ ತೋರಿಸಬೇಕು ಎಂಬ ಹಟ. ಎಡಗಡೆಯ ಒಳಬಾಗಿನಲ್ಲಿ ಪಟ್ಟಿ ಅರ್ಧಕ್ಕೆ ಬಂದಿತ್ತು. ಜಾಲಿ ಒಣಗಿತ್ತು, ಹೊಟ್ಟು ಹಾರಿ ಬಲಗಣ್ಣಿಗೆ ಬಿತ್ತು. ಉರಿ ತಾಳಲಾರದೆ ಕಣ್ಣು ಮುಚ್ಚಿದೆ.

ಮಶೀನು ಕಾಣಲಿಲ್ಲ. ಶೆಡ್ಡು ಕಾಣಲಿಲ್ಲ. ಎಡಗಣ್ಣು ತೆರೆದೇ ಇತ್ತು ಮಗಳೇ, ಅದರಲ್ಲಿ ಏನೂ ಇರಲಿಲ್ಲ.

ಎರಡೂ ಕೈ ಮರದ ಮೇಲೆ. ಪಟ್ಟಿ ಓಡುತ್ತಿದೆ, ಎಲ್ಲಿ ಎಂದು ಗೊತ್ತಿಲ್ಲ. ಎಡಗೈ ಅದರಿಂದ ಎಷ್ಟು ದೂರ ಎಂದು ಗೊತ್ತಿಲ್ಲ. ಬಲಗಣ್ಣು ತೆರೆಯಲು ನೋಡಿದೆ, ನೀರು ಸುರಿದು ಮತ್ತೆ ಮುಚ್ಚಿಕೊಂಡಿತು. "ಯಾರರ ಬರ್ರಿ, ಮಶೀನ ಬಂದ ಮಾಡ್ರಿ" ಎಂದು ಕೂಗಿದೆ. ಕೂಗಿದ ಮೇಲೆ ತಿಳಿಯಿತು, ಯಾರಾದರೂ ಓ ಎಂದರೂ ನನಗೆ ಕೇಳುವುದಿಲ್ಲ. ನನ್ನ ಕೂಗೇ ನನಗೆ ಕೇಳಿರಲಿಲ್ಲ.

ಆಗ ನಿನಗೆ ಹೇಳಿದ ಮಾತು ನನಗೇ ನೆನಪಾಯಿತು. ಕಾಣದಂತಾದರೆ ಕೈ ಎತ್ತಬೇಡ. ಒತ್ತಿ ಹಿಡಿದು ನಿಂತೆ. ಅಂಗಾಲಿನ ಕೆಳಗೆ ನೆಲ ನಡುಗುವುದೊಂದೇ ನನಗಿದ್ದ ಸುದ್ದಿ. ನಡುಗುತ್ತಿದೆ ಎಂದರೆ ಪಟ್ಟಿ ಓಡುತ್ತಿದೆ. ಆ ವಾರವೂ ಮಧ್ಯಾಹ್ನಕ್ಕೆ ತ್ರೀಫೇಸ್ ಹೋಗುತ್ತದೆ ಎಂಬುದಷ್ಟೇ ಧೈರ್ಯ. ಆ ಕರೆಂಟಿನವರಿಗೆ ನಾನು ಬೈದಷ್ಟು ಈ ಊರಲ್ಲಿ ಯಾರೂ ಬೈದಿಲ್ಲ. ಅವತ್ತು ಅವರ ದಾರಿ ಕಾಯುತ್ತ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ. ತೋಳು ಸೋತು ಬಂದವು. ನಿನ್ನ ಪತ್ರ ಒಂದೊಂದೇ ಸಾಲು ನೆನಪಾಗುತ್ತಿತ್ತು. ನಾನು ನಿನಗೆ ಬರೆದದ್ದು ಅದಕ್ಕಿಂತ ಹೆಚ್ಚು ನೆನಪಾಯಿತು.

ನೆಲ ನಿಂತಿತು. ಆಮೇಲೂ ಸ್ವಲ್ಪ ಹೊತ್ತು ನಾನು ಕೈ ತೆಗೆಯಲಿಲ್ಲ. ಕಣ್ಣು ತೊಳೆದುಕೊಂಡು ಬಂದು ನೋಡಿದೆ. ಎಡಗೈಯ ಕಿರುಬೆರಳು ಪಟ್ಟಿಗೆ ಎಷ್ಟು ಹತ್ತಿರ ಇತ್ತು ಎನ್ನುವುದನ್ನು ಬರೆಯುವುದಿಲ್ಲ. ಅಲ್ಲೇ ಹೊಟ್ಟಿನ ಗುಂಪಿಯ ಮೇಲೆ ಕೂತು ಅತ್ತುಬಿಟ್ಟೆ. ನಿನ್ನ ಅತ್ತೆ ಕುರಿ ತಿರುಗಿಸಿಕೊಂಡು ಬಂದಾಗಲೂ ಅಲ್ಲೇ ಇದ್ದೆ. ಅವಳಿಗೆ ಹೇಳಿದೆ. ಸಂಜೆಗೆ ದುಂಡೇಶನಿಗೂ ಹೇಳಿದೆ.

ಮಿರಜಿಗೆ ಹೋಗಿ ಬಂದೆವು. ಕಣ್ಣಿನೊಳಗೆ ಒತ್ತಡ ಏರಿ ನರ ಒಣಗಿದೆಯಂತೆ. ಡಾಕ್ಟರ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು, ನಿನ್ನ ಅತ್ತೆ ಅದನ್ನು ಇಡೀ ದವಾಖಾನೆಗೆ ಕೇಳುವಂತೆ ನನ್ನ ಕಿವಿಯಲ್ಲಿ ಕೂಗಿದಳು. "ಎಡಗಣ್ಣ ಹೋಗೈತೆಂತ! ಇನ್ನ ಬರಾಂಗಿಲ್ಲಂತ! ಬಲಗಣ್ಣರ ಉಳಸ್ಕೋರಿ ಅಂತಾರ!" ದಿನಾ ಎರಡು ಸಲ ಹನಿ ಹಾಕಬೇಕು. ಅವಳೇ ಹಾಕುತ್ತಾಳೆ. ನಾನು ಹಾಕಿಕೊಂಡರೆ ಗಲ್ಲಕ್ಕೆ ಬೀಳುತ್ತದೆ.

ದುಂಡೇಶ ಮಶೀನು ಮಾರುವ ಮಾತು ಎತ್ತಿದ. ಅದು ಮಾಯಾಳನ್ನು ಕೇಳಬೇಕಾದ ಮಾತು ಎಂದೆ. ಅವನು ಏನೋ ಅಂದ, ಕಿವಿ ಕೇಳದಿರುವುದಕ್ಕೂ ಒಂದು ಸುಖವಿದೆ. ಮಾರನೆಯ ದಿನ ನಾನು ಕೇಳದೆಯೇ ಮೇಲಿನ ಗಾಲಿಗೆ ಎಣ್ಣೆ ಬಿಟ್ಟು ಹೋಗಿದ್ದ.

ಐದನೇ ತಿಂಗಳಿಗೆ ಗಂಗಾಳನ್ನು ಕರೆದುಕೊಂಡು ಬರುತ್ತೀಯಲ್ಲ, ಆ ತೊಟ್ಟಿಲನ್ನೂ ತಾ. ಗಿಡ್ಡ ಕಾಲು ಬಿಚ್ಚಿ ನೀನೇ ಹೊಸದು ಕೊಯ್ದು ಹಾಕು. ಅವಸರ ಮಾಡಬೇಡ, ಮೊದಲು ಮೈ ಗಟ್ಟಿಯಾಗಲಿ. ಆಮೇಲೆ ಗುರಪ್ಪನ ಮನೆಗೆ ಇಬ್ಬರೂ ಹೋಗೋಣ. ಆ ಎತ್ತು ಹತ್ತಿರ ಬರಗೊಟ್ಟರೆ ನಾನು ಅಂಗೈ ಇಟ್ಟು ಹೇಳುತ್ತೇನೆ, ನೀನೂ ಇಟ್ಟು ನೋಡು. ಸೀಮೆಸುಣ್ಣ ನಿನ್ನ ಕೈಯಲ್ಲಿರಲಿ. ಕೊಯ್ಯುವಾಗ ನಾನು ಹಿಂದೆ ನಿಂತು ಹಿಡಿಯುತ್ತೇನೆ. ನಿನ್ನ ಅತ್ತೆಯ ಹಾಗೆ ಮುಖ ತಿರುಗಿಸುವುದಿಲ್ಲ.

ಸಿಟ್ಟಿನಲ್ಲಿ ಬರೆದ ಪತ್ರ ನಿನ್ನ ಹತ್ತಿರ ಇದ್ದರೆ ಒಲೆಗೆ ಹಾಕು.

ನಿನ್ನ ಕಾಲ ಕೆಳಗೆ ಇನ್ನು ಇಟ್ಟಂಗಿ ಬೇಡ. ಮಶೀನಿನ ಮುಂದೆ ನಿಲ್ಲಲು ಒಂದು ಬೇವಿನ ಹಲಗೆ ಕೊಯ್ದು, ಅಲುಗಾಡದಂತೆ ಕೆಳಗೆ ಮರದ ಪಟ್ಟಿ ಹೊಡೆದು ಇಟ್ಟಿದ್ದೇನೆ. ಕೈಗರಗಸದಿಂದ ಕೊಯ್ದೆ, ಮಶೀನು ಹಚ್ಚಲಿಲ್ಲ. ಅಂಚು ಸ್ವಲ್ಪ ಎಡಕ್ಕೆ ಹೋಗಿದೆ. ಗರಗಸದ ತಪ್ಪಲ್ಲ.

ನಿನ್ನ ದಾರಿ ನೋಡುತ್ತಿರುವ ಮಾವ,
ಸಿದರಾಯ